ಪಾಸು, ಫೇಲು ಮತ್ತು ಒಂದು ಹೆಜ್ಜೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, “ಸಾರ್, ಜೀವಮಾನವೆಲ್ಲ ಇಂಗ್ಲಿಷ್ ಪಾಠ ಮಾಡಿದ್ದೀರಿ, ಇಂಗ್ಲಿಷ್ ಕಲಿಯೋದು ಹೇಗೆ ಅಂತ ಹದಿನೈದು ನಿಮಿಷ ಹೇಳಿ” ಅಂದರು. ಹದಿನೈದು ನಿಮಿಷದಲ್ಲಿ ಇಂಗ್ಲಿಷ್ ಕಲಿಸುವ ವಿದ್ಯೆ ನನಗೆ ಬರುವುದಿಲ್ಲ. ಅದಕ್ಕೇ ಇವತ್ತು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದವನ್ನು ತಂದಿದ್ದೇನೆ. ಇಂಗ್ಲಿಷ್ ಬಾರದ ನಮ್ಮಜ್ಜಿಗೂ ಗೊತ್ತಿದ್ದ ಪದ ಅದು. ಪಾಸ್.

ರಿಸಲ್ಟ್ ದಿನ ಅಜ್ಜಿ ಕೇಳುತ್ತಿದ್ದದ್ದು “ಪಾಸಾ?” ಎಂಬ ಒಂದೇ ಮಾತು. ಎಷ್ಟು ನಂಬರ್, ಯಾವ ಕ್ಲಾಸ್, ಅದೆಲ್ಲ ಅವರಿಗೆ ಬೇಕಿರಲಿಲ್ಲ. ಈ ಪುಟ್ಟ ಪದ ನಮ್ಮ ಬದುಕಿನಲ್ಲಿ ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ಹುಡುಗ ಪರೀಕ್ಷೆ ಪಾಸಾಗುತ್ತಾನೆ. ವಿಧಾನಸಭೆಯಲ್ಲಿ ಮಸೂದೆ ಪಾಸಾಗುತ್ತದೆ. ಖಜಾನೆಯಲ್ಲಿ ಬಿಲ್ ಪಾಸಾಗುತ್ತದೆ, ಅದೂ ನಿಧಾನವಾಗಿ! ಕಂಡಕ್ಟರ್ ಬಂದರೆ ಬಸ್ ಪಾಸ್ ತೋರಿಸುತ್ತೇವೆ. ಬ್ಯಾಂಕಿಗೆ ಹೋದರೆ ಪಾಸ್‌ಬುಕ್. ಆಟದ ಬಯಲಿನಲ್ಲಿ “ಲೋ, ಬಾಲ್ ಪಾಸ್ ಮಾಡೋ” ಎಂಬ ಕೂಗು. ಕಡಲೆಕಾಯಿ ಮಾರುವವರ ಬಾಯಲ್ಲಿ “ಟೈಂಪಾಸ್, ಟೈಂಪಾಸ್.” ಇಂಗ್ಲಿಷರು ಕಾಲ ಕಳೆಯುವುದಕ್ಕೆ ಪಾಸ್‌ಟೈಮ್ ಎಂದು ಕಟ್ಟಿದ್ದ ಪದವನ್ನು ನಾವು ತಿರುಗಿಸಿ ಕಟ್ಟಿಕೊಂಡಿದ್ದೇವೆ. ಕ್ವಿಜ್‌ನಲ್ಲಿ ಮಾತ್ರ ತಮಾಷೆ. ಅಲ್ಲಿ “ಪಾಸ್” ಅಂದರೆ ನನಗೆ ಉತ್ತರ ಗೊತ್ತಿಲ್ಲ ಎಂದರ್ಥ. ಉತ್ತರ ಗೊತ್ತಿದ್ದವನೂ ಪಾಸ್, ಗೊತ್ತಿಲ್ಲದವನೂ ಪಾಸ್.

ಒಂದೇ ಪದಕ್ಕೆ ಇಷ್ಟು ಅರ್ಥ ಹೇಗೆ ಬಂತು? ಬೇರು ಹುಡುಕಿಕೊಂಡು ಹೋದರೆ ರೋಮನ್ನರ ಲ್ಯಾಟಿನ್ ಭಾಷೆ ಸಿಗುತ್ತದೆ. ಅಲ್ಲಿ ‘ಪಸ್ಸುಸ್’ ಎಂದರೆ ಹೆಜ್ಜೆ. ಅದರಿಂದ ಹೆಜ್ಜೆ ಹಾಕು, ದಾಟಿ ಹೋಗು ಎಂಬ ಕ್ರಿಯಾಪದ ಹುಟ್ಟಿತು. ಅದು ಫ್ರೆಂಚ್ ಭಾಷೆಗೆ ಹೋಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಅವರ ಫ್ರೆಂಚ್ ಪದಗಳು ಒಂದೊಂದಾಗಿ ಇಂಗ್ಲಿಷಿಗೆ ಇಳಿದವು. ಅವುಗಳಲ್ಲಿ ಇದೂ ಒಂದು. ಪ್ಯಾಸೆಂಜರ್, ಪಾಸ್‌ಪೋರ್ಟ್ ಎಲ್ಲ ಇದೇ ಮನೆತನದವು. ‘ನೋ ಟ್ರೆಸ್‌ಪಾಸಿಂಗ್’ ಎಂಬ ಬೋರ್ಡು ನೋಡಿರುತ್ತೀರಿ. ಅದರೊಳಗೂ ಪಾಸ್ ಇದೆ. ಗೆರೆ ದಾಟಿ ಹೆಜ್ಜೆ ಇಡುವುದು ಎಂದರ್ಥ. ನಾವು ಅದನ್ನು ಅತಿಕ್ರಮ ಪ್ರವೇಶ ಎಂದು ಕನ್ನಡ ಮಾಡಿದ್ದೇವೆ. ಸಂಸ್ಕೃತದಲ್ಲಿ ‘ಕ್ರಮ’ ಎಂದರೂ ಮೂಲದಲ್ಲಿ ಹೆಜ್ಜೆಯೇ; ಮೂರು ಹೆಜ್ಜೆ ಇಟ್ಟ ವಾಮನನೇ ತ್ರಿವಿಕ್ರಮ. ಎಲ್ಲಿಯ ರೋಮ್, ಎಲ್ಲಿಯ ನಾವು! ಯೋಚನೆ ಮಾತ್ರ ಒಂದೇ.

ರೋಮನ್ನರಿಗೆ ಹೆಜ್ಜೆಯೇ ಅಳತೆ. ಎಡಗಾಲು ಎತ್ತಿದಲ್ಲಿಂದ ಮತ್ತೆ ಎಡಗಾಲು ಊರುವವರೆಗೆ ಒಂದು ಪಸ್ಸುಸ್. ಅಂದರೆ ಅವರ ಲೆಕ್ಕದಲ್ಲಿ 5 ಅಡಿ. ಅಂಥ 1,000 ಹೆಜ್ಜೆಗೆ ‘ಮಿಲ್ಲೆ ಪಸ್ಸುಸ್’ ಅನ್ನುತ್ತಿದ್ದರು. ಅದರ ಮೊದಲ ಅರ್ಧ ಉಳಿದು ನಮ್ಮ ಮೈಲಿ ಆಯಿತು. ಸಾವಿರ ಹೆಜ್ಜೆ ಅಂದ ತಕ್ಷಣ ಇಲ್ಲಿ ಕೂತಿರುವ ನಿಮಗೆಲ್ಲ ಏನು ನೆನಪಾಗುತ್ತದೆ ಎಂದು ನನಗೆ ಗೊತ್ತು. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು ಎನ್ನುವ ನಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲೂ ಸುಮಾರು ಸಾವಿರವೇ. ಆ ಮೆಟ್ಟಿಲ ಮಾತಿಗೆ ಆಮೇಲೆ ಬರುತ್ತೇನೆ.

ಈಗ ನಮ್ಮ ಅಂಕಪಟ್ಟಿಯನ್ನು ತೆಗೆಯಿರಿ. ಅಲ್ಲಿ ‘ಉತ್ತೀರ್ಣ’ ಎಂದಿರುತ್ತದೆ. ಸಂಸ್ಕೃತದಲ್ಲಿ ಅದು ನೀರಿಗೆ ಸಂಬಂಧಿಸಿದ ಮಾತು. ತೃ ಎಂಬ ಧಾತುವಿಗೆ ದಾಟು ಎಂದರ್ಥ. ಹೊಳೆ ದಾಟಿ ದಡ ಹತ್ತಿದವನು ಉತ್ತೀರ್ಣ. ಹೊಳೆಗೆ ಇಳಿದು ದಾಟುವ ಜಾಗ ತೀರ್ಥ. ಅನುತ್ತೀರ್ಣ ಎಂದರೆ ಇನ್ನೂ ದಡ ಹತ್ತದವನು, ಅಷ್ಟೇ. ಮುಳುಗಿಹೋದವನು ಎಂಬ ಅರ್ಥ ಆ ಪದದಲ್ಲಿ ಎಲ್ಲೂ ಇಲ್ಲ.

ಫೇಲ್ ಎಂಬ ಪದದ ಕಥೆಯೇ ಬೇರೆ. ಅದರ ಬೇರೂ ಲ್ಯಾಟಿನ್. ಅಲ್ಲಿ ಅದಕ್ಕೆ ಮೋಸ ಮಾಡು, ಎಡವಿಸು ಎಂಬ ಅರ್ಥಗಳಿದ್ದವು. ಫಾಲ್ಸ್, ಫಾಲ್ಟ್ ಎಂಬ ಪದಗಳು ಅದರ ಅಣ್ಣತಮ್ಮಂದಿರು. ಇಂಗ್ಲಿಷಿನಲ್ಲಿ ಮಳೆಯೂ ಫೇಲಾಗುತ್ತದೆ, ಬ್ರೇಕೂ ಫೇಲಾಗುತ್ತದೆ. ಹಳ್ಳಿಯಿಂದ ಬಂದ ಯಜಮಾನರೇ, ನೀವು ಇದಕ್ಕೆ ಏನನ್ನುತ್ತೀರಿ? “ಈ ಸಲ ಮಳೆ ಕೈಕೊಡ್ತು” ಅನ್ನುತ್ತೀರಿ. “ಪಂಪ್‌ಸೆಟ್ ಕೈಕೊಡ್ತು” ಅನ್ನುತ್ತೀರಿ. ನಂಬಿಸಿ ಮೋಸ ಮಾಡಿದವನಿಗೂ ಅದೇ ಮಾತು: ಕೈಕೊಟ್ಟ. ಲ್ಯಾಟಿನ್ ಭಾಷೆಯನ್ನು ಕಿವಿಯಲ್ಲೂ ಕೇಳದ ನಮ್ಮ ರೈತ ಅದೇ ಜಾಡಿನಲ್ಲಿ ಯೋಚಿಸಿದ್ದಾನೆ. ನಮ್ಮ ಕಾಲದ ತಾಯಂದಿರೂ ಹಾಗೇ ಹೇಳುತ್ತಿದ್ದರು: “ಎಲ್ಲದರಲ್ಲೂ ಪಾಸು, ಲೆಕ್ಕ ಒಂದು ಕೈಕೊಡ್ತು.” ಮೋಸ ಮಾಡಿದ್ದು ಲೆಕ್ಕ, ಮಗನಲ್ಲ. ತಾಯಿಯ ವ್ಯಾಕರಣ ಅದು.

ಆ ವ್ಯಾಕರಣ ನನ್ನ ಪಾಲಿಗೂ ಬಂತು. ಎಸ್‌ಎಸ್‌ಎಲ್‌ಸಿಯಲ್ಲಿ ನಾನು ಫೇಲು. ಗಣಿತದಲ್ಲಿ 35 ಬೇಕಿತ್ತು, 27 ಬಂದಿತ್ತು. ನನ್ನ ಶಿಷ್ಯರಿಗೆ ಇದನ್ನು ಇವತ್ತೇ ಮೊದಲ ಸಲ ಹೇಳುತ್ತಿದ್ದೇನೆ.

ಇಂಥ ಹೊತ್ತಿನಲ್ಲಿ ನಮಗೆ ಹೇಳಲು ಒಳ್ಳೆಯ ಕಥೆ ನಮ್ಮ ಮೈಸೂರಿನಲ್ಲೇ ಇದೆ. ಆರ್.ಕೆ. ನಾರಾಯಣ್ ಅವರ ತಂದೆ ಮಹಾರಾಜಾ ಹೈಸ್ಕೂಲಿನ ಹೆಡ್‌ಮಾಸ್ಟರು. ಮಗ ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಫೇಲು, ಅದೂ ಇಂಗ್ಲಿಷಿನಲ್ಲಿ! ಒಂದು ವರ್ಷ ಮನೆಯಲ್ಲಿದ್ದು ಪುಸ್ತಕ ಓದಿದರು, ಬರೆದರು. ಮುಂದೆ ಅದೇ ಇಂಗ್ಲಿಷಿನಲ್ಲಿ ಮಾಲ್ಗುಡಿಯನ್ನು ಕಟ್ಟಿ ಜಗತ್ತಿಗೆ ಕೊಟ್ಟರು. ಯಾದವಗಿರಿಯ ಅವರ ಮನೆ ಇವತ್ತು ವಸ್ತುಸಂಗ್ರಹಾಲಯ.

ಈ ಕಥೆ ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಕೂತುಬಿಡಬಹುದು. ತರಗತಿಯಲ್ಲಿ ನಾನು ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಆದರೆ ಅವರಿಗೆ ಒಂದು ವರ್ಷ ಕೂತು ಓದಲು ಒಂದು ಮನೆ ಇತ್ತು, ಮನೆಯಲ್ಲಿ ಪುಸ್ತಕವಿತ್ತು. ಅದು ಇಲ್ಲದವನೊಬ್ಬನ ಮಾತು ಇವತ್ತು ಹೇಳಬೇಕು.

ನಾನು ಗಣಿತದಲ್ಲಿ ಫೇಲಾದ ವರ್ಷ ನನ್ನ ಬೆಂಚಿನ ಗೆಳೆಯ ಇಂಗ್ಲಿಷಿನಲ್ಲಿ ಫೇಲಾದ. ಹೆಸರು ಹೇಳುವುದಿಲ್ಲ, ಹೇಳಬೇಡ ಎಂದು ಅವನೇ ಹೇಳಿದ್ದಾನೆ. ಕಪಿಲಾ ನದಿ ಕಡೆಯ ಹಳ್ಳಿಯವನು, ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಲೆಕ್ಕದಲ್ಲಿ ಅವನನ್ನು ಮೀರಿಸುವವರು ಕ್ಲಾಸಿನಲ್ಲಿ ಇರಲಿಲ್ಲ. ರಿಸಲ್ಟ್ ನೋಡಿದ ಸಂಜೆ ಇಬ್ಬರೂ ಮನೆಗೆ ಹೋಗಲು ಹೆದರಿ ಚಾಮುಂಡಿ ಬೆಟ್ಟದ ಪಾದಕ್ಕೆ ಹೋಗಿ ಕೂತೆವು. ಅಲ್ಲೇ ಒಪ್ಪಂದವಾಯಿತು. ಅಕ್ಟೋಬರ್ ಪರೀಕ್ಷೆಗೆ ಅವನು ನನಗೆ ಲೆಕ್ಕ ಹೇಳಿಕೊಡುವುದು, ನಾನು ಅವನಿಗೆ ಇಂಗ್ಲಿಷ್ ಹೇಳಿಕೊಡುವುದು.

ಮೊದಲು ಲೆಕ್ಕ ಎಂದು ಶುರುಮಾಡಿದೆವು. ಎರಡು ತಿಂಗಳು ದಿನಾ ಬೆಳಿಗ್ಗೆ ಅವನು ಬರುತ್ತಿದ್ದ. ಮೆಟ್ಟಿಲ ಮೇಲೆ ಇದ್ದಿಲಿನಲ್ಲಿ ಬರೆದು ಬೀಜಗಣಿತ ಬಿಡಿಸುತ್ತಿದ್ದ. ನಾನು ತಪ್ಪಿದರೆ, “ಲೋ, ಒಂದೇ ಸಲ ಮೇಲಕ್ಕೆ ನೋಡಬೇಡ ಕಣೋ. ಮುಂದಿನ ಮೆಟ್ಟಿಲು ನೋಡು” ಅನ್ನುತ್ತಿದ್ದ. ನನಗೆ ಲೆಕ್ಕ ಹತ್ತಿತು.

ಇನ್ನು ನನ್ನ ಸರದಿ. ನಾಲ್ಕು ದಿನ ಹೇಳಿಕೊಟ್ಟೆ. ಐದನೆಯ ದಿನ ಮಾವನ ಊರಿನಲ್ಲಿ ಮದುವೆ ಎಂದು ಹೋದೆ. ಮದುವೆ ಮೂರು ದಿನದಲ್ಲಿ ಮುಗಿಯಿತು, ನಾನು ಉಳಿದದ್ದು ಒಂದು ತಿಂಗಳು. ಮಾವನ ತೋಟ, ಈಜು, ಸಿನಿಮಾ. ಅವನಿಗೆ ಒಂದು ಕಾರ್ಡು ಸಹ ಬರೆಯಲಿಲ್ಲ. ವಾಪಸು ಬಂದಾಗ ಪರೀಕ್ಷೆಗೆ ಕೆಲವೇ ದಿನ. ನನ್ನ ಲೆಕ್ಕದ ಚಿಂತೆಯಲ್ಲಿ ನಾನಿದ್ದೆ. ನಾನು ಪಾಸಾದೆ. ಅವನು ಇಂಗ್ಲಿಷ್ ಪೇಪರಿಗೆ ಕೂರಲೇ ಇಲ್ಲ. ಊರಿಗೆ ಹೋಗಿ ಮೋಟಾರ್ ರಿವೈಂಡಿಂಗ್ ಕೆಲಸಕ್ಕೆ ಸೇರಿಕೊಂಡ.

ಇಂಗ್ಲಿಷಿನಲ್ಲಿ ಫೇಲ್ ಪದಕ್ಕೆ ಇನ್ನೊಂದು ಬಳಕೆ ಇದೆ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಫೇಲ್ ಮಾಡುವುದು. ಮೇಷ್ಟ್ರು ಪರೀಕ್ಷೆಯಲ್ಲಿ ಫೇಲ್ ಮಾಡುವಂತೆ ಅಲ್ಲ. ನೆಚ್ಚಿಕೊಂಡವನಿಗೆ ಬೇಕಾದ ಹೊತ್ತಿನಲ್ಲಿ ಒದಗದೆ ಹೋಗುವುದು. ಅಂದರೆ ಕೈಕೊಡುವುದು. ಆ ವಾಕ್ಯವನ್ನು ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಅರ್ಥ ಹೇಳಿದ್ದೇನೆ. ಬರೆಯುವಾಗಲೆಲ್ಲ ಅವನ ಮುಖ ಕಣ್ಣ ಮುಂದೆ ಬಂದಿದೆ. ಇಂಗ್ಲಿಷ್ ಮೇಷ್ಟ್ರಾಗಿ ನನ್ನ ಮೊದಲ ವಿದ್ಯಾರ್ಥಿ ಅವನು. ಆ ವರ್ಷ ಅಂಕಪಟ್ಟಿಯಲ್ಲಿ ಅವನು ಫೇಲಾಗಿರಬಹುದು, ಅವನ ವಿಷಯದಲ್ಲಿ ಫೇಲಾದವನು ನಾನು.

ಹೋದ ತಿಂಗಳು ಈ ಸಮಾರಂಭಕ್ಕೆ ಕರೆಯಲು ಅವನ ಅಂಗಡಿಗೇ ಹೋಗಿದ್ದೆ. ಸುತ್ತಲಿನ ಹತ್ತಾರು ಹಳ್ಳಿಯ ಪಂಪ್‌ಸೆಟ್ಟುಗಳು ಅವನ ಕೈಯಲ್ಲೇ ಮತ್ತೆ ಜೀವ ಪಡೆಯುವುದು. ತಾಮ್ರದ ತಂತಿಯ ತೂಕ, ಸುತ್ತು, ಕೂಲಿ, ಎಲ್ಲವನ್ನೂ ಬಾಯಲ್ಲೇ ಕೂಡಿಸಿ ಬಿಲ್ ಬರೆದ. ಮಾವನ ಊರಿನ ವಿಷಯ ಎತ್ತಿ ಕ್ಷಮೆ ಕೇಳಿದೆ. ನಕ್ಕುಬಿಟ್ಟ. “ಬಿಡೋ, ಯಾವ ಕಾಲದ್ದು” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಆ ತಿಂಗಳು ದಿನಾ ಬೆಳಿಗ್ಗೆ ಮೆಟ್ಟಿಲ ಹತ್ರ ಬಂದು ನೋಡ್ಕೊಂಡು ಹೋಗ್ತಿದ್ದೆ ಕಣೋ” ಅಂದ. ಅದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ಸಮಾರಂಭಕ್ಕೆ ಬಾ ಎಂದೆ. “ಅದು ಪಾಸಾದೋರ ಹಬ್ಬ. ನಾನ್ಯಾಕ್ ಬರ್ಲಿ?” ಅಂದ.

ಅವನು ಇವತ್ತು ಬಂದಿಲ್ಲ.

ಸಭಿಕರೇ, ನನ್ನ ಬಿನ್ನಹ ಇಷ್ಟೇ. ಈ ಸುವರ್ಣ ಸಂಪುಟದ ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಬರುತ್ತದೆ. ಅದನ್ನು ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಿ ಮಾಡುವುದು ಬೇಡ, ದಾಖಲಾತಿ ರಿಜಿಸ್ಟರ್ ನೋಡಿ ಮಾಡೋಣ ಎಂದು ಸಮಿತಿಯ ಮುಂದೆ ಕೇಳಿಕೊಂಡೆ. ಅವರು ಸಂತೋಷದಿಂದ ಒಪ್ಪಿದ್ದಾರೆ. ಎಂಟನೇ ಕ್ಲಾಸಿಗೆ ಸೇರಿ ಒಂಬತ್ತರಲ್ಲಿ ಬಿಟ್ಟವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಒಂದು ವಿಷಯ ಉಳಿಸಿಕೊಂಡು ಇವತ್ತಿಗೂ ಈ ಗೇಟಿನ ಮುಂದೆ ತಲೆ ತಗ್ಗಿಸಿ ನಡೆಯುವವರು, ಎಲ್ಲರ ಹೆಸರೂ ಅದರಲ್ಲಿ ಬರಲಿ. ಪಾಸ್ ಎಂದರೆ ಹೆಜ್ಜೆ ಹಾಕಿ ದಾಟುವುದು ಎಂದು ಪದದ ಬೇರೇ ಹೇಳುತ್ತಿದೆ. ಈ ಗೇಟನ್ನು ದಾಟಿ ಬಂದವರೆಲ್ಲ ಆ ಮೊದಲನೆಯ ಅರ್ಥದಲ್ಲಿ ಪಾಸಾದವರೇ. ನಿಮ್ಮ ಬೀದಿಯಲ್ಲಿ, ನಿಮ್ಮ ಹಳ್ಳಿಯಲ್ಲಿ ಅಂಥವರಿದ್ದರೆ ದಯವಿಟ್ಟು ಹೋಗಿ ಹೇಳಿ, ಹೆಸರು ಬರೆಸಿ.

ಮಕ್ಕಳೇ, ನಿಮಗೆ ಒಂದೇ ಮಾತು. ಫೇಲಾದರೂ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಒಂದು ಸಲ ದಡ ಹತ್ತದಿದ್ದರೆ ಹೆದರಬೇಡಿ. ನೀವು ಹತ್ತಿದ ಮೇಲೆ ಪಕ್ಕದ ಬೆಂಚಿನವನು ಇನ್ನೂ ನೀರಿನಲ್ಲಿದ್ದರೆ, ತಿರುಗಿ ಕೈಕೊಡಿ. ಅದು ಕೈಕೊಡುವುದಲ್ಲ, ಕೈ ಕೊಡುವುದು. ಕನ್ನಡದಲ್ಲಿ ಆ ಎರಡರ ನಡುವೆ ಬರವಣಿಗೆಯಲ್ಲಿ ಒಂದು ಚಿಕ್ಕ ಜಾಗ ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. ಬದುಕಿನಲ್ಲಿ ಎಷ್ಟು ವ್ಯತ್ಯಾಸ ಎಂಬುದು ನನಗೆ ಗೊತ್ತು.