ಗೃಹಸ್ಥಶರಣರಾದ ಫ. ಗು. ಹಳಕಟ್ಟಿಯವರು



ಮಠದ ಉತ್ಸವಗಳಲ್ಲಿ ವಿರಕ್ತರ ಚರಿತ್ರೆಯನ್ನು ಸ್ಮರಿಸುವುದು ನಡೆದುಬಂದ ವಾಡಿಕೆ. ಇಂದಿನ ಸ್ಮರಣೆಗೆ ವಿಷಯವಾದವರು ಮಾತ್ರ ವಿರಕ್ತರಲ್ಲ. ಕೋರ್ಟಿನ ಕಟ್ಟೆಯನ್ನು ಹತ್ತಿಳಿದು, ಹೆಂಡಿರು ಮಕ್ಕಳ ಹೊಟ್ಟೆಬಟ್ಟೆಯ ಚಿಂತೆಯನ್ನು ಹೊತ್ತು, ಸಂಸಾರದ ನಡುವೆಯೇ ಬಾಳಿದ ಗೃಹಸ್ಥರು. ಅವರೇ ವಿಜಾಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರ ಜನನವು ೧೮೮೦ನೆಯ ಜುಲೈ ೨ರಂದು ಧಾರವಾಡದಲ್ಲಿ ಆಯಿತು. ತಂದೆಯವರು ಶಿಕ್ಷಕರೂ ಗ್ರಂಥಕರ್ತರೂ ಆಗಿದ್ದರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನು ಮುಂದೆ ಮುಂಬಯಿಯಲ್ಲಿ ಓದಿ, ೧೯೦೪ರಲ್ಲಿ ಕಾಯದೆಯ ಪದವಿಯನ್ನು ಪಡೆದು, ಬೆಳಗಾವಿಯಲ್ಲಿ ಸ್ವಲ್ಪಕಾಲವಿದ್ದು ವಿಜಾಪುರಕ್ಕೆ ಬಂದು ನೆಲೆಸಿದನು. ಬರಗಾಲಕ್ಕೆ ಹೆಸರಾದ ಆ ಸೀಮೆಯಲ್ಲಿ ಬಡ ಹುಡುಗರಿಗೆ ವಿದ್ಯೆಯಿಲ್ಲ, ಒಕ್ಕಲಿಗನಿಗೆ ಸಾಲ ಕೊಡುವವರು ಬಡ್ಡಿಯ ಸಾವುಕಾರರ ಹೊರತು ಬೇರೆಯಿಲ್ಲ. ಅದನ್ನು ಕಂಡ ಹಳಕಟ್ಟಿಯವರು ಇತರ ಹಿರಿಯರೊಡನೆ ಸೇರಿ ೧೯೧೦ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನೂ, ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಹುಟ್ಟಿಸಿದರು. ಅವೆರಡೂ ಇಂದು ಬೆಳೆದು ನಿಂತಿರುವುದನ್ನು ವರ್ಣಿಸಬೇಕಾಗಿಲ್ಲ, ಕಣ್ಣೆದುರಿಗೇ ಇವೆ.

ಆದರೆ ಅವರ ಜೀವವನ್ನೇ ಹಿಡಿದ ಕೆಲಸವು ಬೇರೆ. ೧೯೦೩ರ ಸುಮಾರಿಗೆ ರಬಕವಿ-ಬನಹಟ್ಟಿಯ ಕಡೆಯಲ್ಲಿ ಗೃಹಸ್ಥರೊಬ್ಬರ ಮನೆಯೊಳಗೆ ವಚನಗಳ ತಾಡವೋಲೆಗಳು ಅವರ ಕಣ್ಣಿಗೆ ಬಿದ್ದವು. ಆ ಕಾಲದಲ್ಲಿ ಓಲೆಯ ಕಟ್ಟುಗಳು ಎಷ್ಟೋ ಮನೆಗಳ ಜಗಲಿಯ ಮೇಲೆ ಇದ್ದವು. ಅವಕ್ಕೆ ವಿಭೂತಿ ಪತ್ರಿಗಳಿಂದ ಪೂಜೆಯೇನೋ ಸಲ್ಲುತ್ತಿತ್ತು. ಕಟ್ಟನ್ನು ಬಿಚ್ಚಿ ಓದುವವರೇ ಇರಲಿಲ್ಲ. ಪೂಜೆಗೊಂಡೇ ಹುಳ ತಿಂದು ಹೋದ ಕಟ್ಟುಗಳೆಷ್ಟೋ! ಹಳಕಟ್ಟಿಯವರು ಹಳ್ಳಿಹಳ್ಳಿಗೆ, ಸೈಕಲ್ಲಿನ ಮೇಲೂ ಕಾಲ್ನಡಿಗೆಯಿಂದಲೂ ಹೋಗಿ, ಮನೆಯವರನ್ನು ಬೇಡಿಕೊಂಡು ಆ ಕಟ್ಟುಗಳನ್ನು ತಂದರು. ಬೇಡುವುದಕ್ಕೆ ಅವರಿಗೆ ನಾಚಿಕೆಯೆಂಬುದಿಲ್ಲ. ತಮಗಾಗಿ ಬೇಡಿದವರಲ್ಲವಷ್ಟೆ.

ಓಲೆಯನ್ನು ತಂದೊಡನೆ ಕೆಲಸವು ಮುಗಿಯಲಿಲ್ಲ. ಮಾಸಿದ ಅಕ್ಷರಗಳನ್ನು ಬಿಡಿಸಬೇಕು. ಪದಗಳ ನಡುವೆ ತೆರವಿಲ್ಲದ ಸಾಲನ್ನು ಒಡೆದು ಓದಬೇಕು. ಒಂದು ಪ್ರತಿಯನ್ನು ಮತ್ತೊಂದರೊಡನೆ ಹೋಲಿಸಬೇಕು. ಅಂಕಿತವನ್ನು ಹಿಡಿದು ಇದು ಯಾವ ಶರಣರದೆಂದು ನಿಶ್ಚಯಿಸಬೇಕು. ಕೂಡಲಸಂಗಮದೇವ, ಗುಹೇಶ್ವರ ಎಂಬ ಅಂಕಿತಗಳು ಎಲ್ಲರಿಗೂ ಗೊತ್ತಿದ್ದವು. ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಅಕ್ಕಿಯನ್ನಾಯುವವ, ಇವರೆಲ್ಲರ ಅಂಕಿತಗಳನ್ನು ಬೇರ್ಪಡಿಸಿ ೨೦೦ಕ್ಕೂ ಮೇಲ್ಪಟ್ಟ ವಚನಕಾರರನ್ನು ಬೆಳಕಿಗೆ ತಂದುದು ಅವರ ತಾಳ್ಮೆಯ ಫಲ. ಹಗಲೆಲ್ಲ ವಕೀಲಿಯ ಕಾಗದಗಳು. ಉಳಿದ ಹೊತ್ತು ಓಲೆಗರಿಗಳು.

ಬರೆದುದನ್ನು ಅಚ್ಚು ಹಾಕಿಸುವುದು ಇನ್ನೊಂದು ಕಷ್ಟ. ಮಂಗಳೂರಿನ ಮುದ್ರಣಾಲಯವೊಂದು ಒಪ್ಪಿಕೊಂಡ ಹಸ್ತಪ್ರತಿಯನ್ನು ಮುಂಗಡ ಹಣದೊಡನೆ ಹಿಂದಿರುಗಿಸಿತು. ಕೊನೆಗೆ ೧೯೨೩ರಲ್ಲಿ ಬೆಳಗಾವಿಯಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಹೊರಬಂದಿತು. ಹೀಗೆ ಪ್ರತಿಯೊಂದು ಗ್ರಂಥಕ್ಕೂ ಕಂಡವರ ಬಾಗಿಲನ್ನು ಕಾಯುವುದೆಂತು? ತಮ್ಮದೇ ಒಂದು ಮುದ್ರಣಾಲಯವಿರಬೇಕು. ಅದಕ್ಕೆ ಹಣವೆಲ್ಲಿ? ಹಳಕಟ್ಟಿಯವರು ಇದ್ದ ಮನೆಯನ್ನೇ ಮಾರಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವು ಆರಂಭವಾಯಿತು. ಸಂಸಾರವು ಬಾಡಿಗೆಯ ಮನೆಗೆ ಹೋಯಿತು.

ಇಲ್ಲಿ ಕೊಂಚ ನಿಲ್ಲಬೇಕು. ಮನೆ ಮಾರಿದ ಮಾತನ್ನು ಎಲ್ಲರೂ ಹೊಗಳಿ ಹೇಳುತ್ತಾರೆ. ಗೃಹಸ್ಥನು ಮನೆಯನ್ನು ಮಾರುವುದು, ವಿರಕ್ತನು ಮನೆಯನ್ನು ಬಿಡುವಷ್ಟು ಸುಲಭವಲ್ಲ. ಅದರ ಭಾರವು ಅವನೊಬ್ಬನ ಹೆಗಲ ಮೇಲೆ ಬೀಳುವುದಿಲ್ಲ. ಪಾತ್ರೆಪಡಗಗಳನ್ನು ಕಟ್ಟಿಕೊಂಡು ಇನ್ನೊಬ್ಬರ ಸೂರಿನ ಕೆಳಗೆ ಒಲೆ ಹೂಡಿದವರು ಅವರ ಧರ್ಮಪತ್ನಿ ಭಾಗೀರಥಿಯವರು. ಹಳಕಟ್ಟಿಯವರನ್ನು ಕುರಿತು ಬರೆದವರು ಈ ತಾಯಿಯ ವಿಷಯದಲ್ಲಿ ಎರಡು ಸಾಲುಗಳಿಗಿಂತ ಹೆಚ್ಚು ಬರೆಯದಿದ್ದುದು ದೊಡ್ಡ ಲೋಪ. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಮರಳಿ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಆ ಲಕ್ಕಮ್ಮನ ವಚನಗಳು ಅಚ್ಚಿನ ಮುಖ ಕಂಡ ಕಾಲದಲ್ಲಿ, ಅವನ್ನು ಅಚ್ಚು ಹಾಕಿಸಿದವರ ಮನೆಯಲ್ಲಿಯೂ ಇದ್ದುದರಲ್ಲಿಯೇ ಸಾಗಿಸುವ ಒಬ್ಬ ಗೃಹಿಣಿಯಿದ್ದಳೆಂಬುದನ್ನು ಮರೆಯಲಾಗದು.

೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯೂ ೧೯೨೭ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಹೊರಟವು. ಪತ್ರಿಕೆಯನ್ನು ಹೊಗಳುವವರು ಬಹಳ, ಚಂದಾ ಕಳುಹಿಸುವವರು ವಿರಳ ಎಂಬುದು ಕನ್ನಡನಾಡಿನ ಹಳೆಯ ಕಥೆ. ಆದರೂ ‘ಶಿವಾನುಭವ’ವನ್ನು ಅವರು ದಶಕಗಳ ಕಾಲ ನಡೆಸಿದರು. ತೇಪೆ ಹಾಕಿದ ಕೋಟನ್ನೇ ತೊಟ್ಟು ಸಭೆಗಳಿಗೆ ಬರುತ್ತಿದ್ದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ಅವರ ಪಾಠಗಳಲ್ಲಿ ತಪ್ಪುಗಳಿಲ್ಲವೆಂದಲ್ಲ. ಮುಂದಿನ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನು ನೋಡಿ ತಿದ್ದಿರುವರು. ೧೯೯೩ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. ತಿದ್ದುವುದಕ್ಕೆ ಮೊದಲು ಓಲೆಯು ಉಳಿದಿರಬೇಕಷ್ಟೆ.

೧೯೨೬ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕೂಡಿಸಿತು. ಸರಕಾರವು ರಾವಬಹದ್ದೂರ ಪದವಿಯನ್ನಿತ್ತಿತು. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ಅರ್ಪಿಸಿತು. ಹಳಕಟ್ಟಿಯವರು ೧೯೬೪ನೆಯ ಜೂನ್ ೨೯ರಂದು, ೮೪ ತುಂಬಲು ಮೂರು ದಿನಗಳಿರುವಾಗ, ಲಿಂಗೈಕ್ಯರಾದರು. ಮಾರಿದ ಮನೆಯ ಬದಲಿಗೆ ಇನ್ನೊಂದು ಮನೆಯನ್ನು ಅವರು ಕೊನೆಯವರೆಗೂ ಕಟ್ಟಿಸಿಕೊಳ್ಳಲಿಲ್ಲ.