ಒಂದು ಇಲಿ ಸತ್ತರೆ ನಮಗೇನು?

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಲಿಯ ಮಾತೆತ್ತಿದರೆ ಇಲ್ಲಿ ಕುಳಿತಿರುವ ಕಿರಾಣಿ ಅಂಗಡಿಯವರು ನಗುವುದು ಸಹಜ. ಮೂಟೆ ಕೊರೆಯುವ ಪ್ರಾಣಿಗೆ ಮರುಗುವವರಾರು? ಆದರೆ ನಾವು ಹೇಳಹೊರಟ ಇಲಿ ಯಾರ ಮೂಟೆಯನ್ನೂ ಕೊರೆದದ್ದಲ್ಲ.

ಆಸ್ಟ್ರೇಲಿಯ ಮತ್ತು ಪಪುವಾ ನ್ಯೂಗಿನಿಗಳ ನಡುವೆ, ಟಾರೆಸ್ ಜಲಸಂಧಿಯಲ್ಲಿ, ಬ್ರ್ಯಾಂಬಲ್ ಕೇ ಎಂಬ ಮರಳುದಿಬ್ಬವಿದೆ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಗೋಡೆಯ ಭೂಪಟದಲ್ಲಿ ಅದು ಚುಕ್ಕೆಯಾಗಿಯೂ ಕಾಣುತ್ತಿರಲಿಲ್ಲ. ಅದರ ಎತ್ತರ ಹೆಚ್ಚೆಂದರೆ 3 ಮೀಟರು. ಮೆಲೊಮಿಸ್ ಎಂಬ ಕಂದು ಇಲಿಗೆ ಲೋಕದಲ್ಲಿ ಅದೊಂದೇ ಮನೆ. ಅಲ್ಲಿನ ಸೊಪ್ಪುಸದೆಯೇ ಅನ್ನ. 1978ರಲ್ಲಿ ಅವು ನೂರಾರು ಇದ್ದವು. ಸಮುದ್ರ ಏರಿತು, ಉಪ್ಪುನೀರು ಮತ್ತೆ ಮತ್ತೆ ದಿಬ್ಬವನ್ನು ತೊಳೆಯಿತು. 2004ರಿಂದ 2014ರೊಳಗೆ ಅಲ್ಲಿನ ಹಸುರು ನೂರಕ್ಕೆ 97 ಪಾಲು ಅಳಿಯಿತು. 2009ರಲ್ಲಿ ಒಬ್ಬ ಬೆಸ್ತ ಕಂಡದ್ದೇ ಕಡೆಯ ಇಲಿ. 2019ರಲ್ಲಿ ಆಸ್ಟ್ರೇಲಿಯ ಸರಕಾರ ಆ ಜಾತಿ ನಿರ್ವಂಶವಾಯಿತೆಂದು ಸಾರಿತು. ಮನುಷ್ಯ ತಂದ ಹವಾಮಾನದ ಬದಲಾವಣೆಗೆ ಬಲಿಯಾದ ಮೊದಲ ಸಸ್ತನಿ ಇದೆಂದು ಲೆಕ್ಕ.

ಉಳಿಸುವ ಯೋಜನೆ ಇರಲಿಲ್ಲವೆ? ಇತ್ತು. 2008ರಲ್ಲೇ ಕಾಗದದ ಮೇಲೆ ಬರೆದಿದ್ದರು. ಹಿಡಿದು ತಂದು ಸಾಕೋಣವೆಂದು 2014ರಲ್ಲಿ ಹೋದಾಗ ಬೋನಿಗೆ ಒಂದೂ ಬೀಳಲಿಲ್ಲ. ಬೋನಸ್ಸಿನ ಅರ್ಜಿ ಕಡತದಲ್ಲಿ ಮಲಗುವುದನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಮುದ್ರ ಏರಿದ್ದೇಕೆ? ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯಿಂದ. ಯಂತ್ರಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ 280 ಪಾಲಿತ್ತು. ಇಂದು 420ನ್ನು ದಾಟಿದೆ. ಅದು ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಹಿಮ ಕರಗುತ್ತದೆ, ಕಾದ ನೀರು ಹಿಗ್ಗುತ್ತದೆ. "ಬಾಯ್ಲರಿಗೆ ಕಲ್ಲಿದ್ದಲು ಹಾಕಿದವರು ನಾವೇ ಅಲ್ಲವೆ?" ಎಂದು ಕಾರ್ಮಿಕ ಮಿತ್ರರೊಬ್ಬರು ಕೇಳಿದರು. ಸಲಿಕೆ ನಿಮ್ಮ ಕೈಯಲ್ಲಿತ್ತು, ನಿಜ. ಏನನ್ನು ಸುಡಬೇಕು, ಎಷ್ಟು ಸುಡಬೇಕು ಎಂದು ನಿಮ್ಮನ್ನು ಯಾರು ಕೇಳಿದರು?

ಇದು ದೂರದ ಕಥೆಯಲ್ಲ. ತುಂಗೆ, ಭದ್ರೆಯರು ಹುಟ್ಟುವ ಪಶ್ಚಿಮ ಘಟ್ಟದ ನೆತ್ತಿಯ ಶೋಲಾ ಕಾಡೂ ಒಂದು ದ್ವೀಪವೇ. ತಂಪಿಗೆ ಒಗ್ಗಿದ ಕಪ್ಪೆ, ಹಕ್ಕಿಗಳು ಕೆಳಗೆ ಬಿಸಿ ಏರಿದಂತೆ ಮೇಲಕ್ಕೆ ಸರಿಯಬೇಕು. ಮುಳ್ಳಯ್ಯನಗಿರಿಯೂ 1,930 ಮೀಟರಿಗೆ ಮುಗಿಯುತ್ತದೆ. ಅದರಾಚೆಗೆ ಬರಿಯ ಆಕಾಶ. ಆ ಕಾಡು, ಹುಲ್ಲುಗಾವಲುಗಳು ಮಳೆನೀರನ್ನು ಹೀರಿ ನಿಧಾನವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲೂ ಹೊಳೆ ಹರಿಯುತ್ತದೆ. ತುಂಗಭದ್ರೆಯ ನೀರು ಕುಡಿಯುವ ನಮ್ಮೂರಿನ ನಲ್ಲಿಯ ಬೇರು ಅಲ್ಲಿದೆ.

ಆದುದರಿಂದ ಘಟ್ಟದ ಕಾಡಿಗೆ ಕೈಹಾಕುವ ಯೋಜನೆ ಬಂದಾಗ ಎದ್ದುನಿಂತು ಲೆಕ್ಕ ಕೇಳೋಣ. ಕಲ್ಲಿದ್ದಲನ್ನು ಬಿಟ್ಟು ಬಿಸಿಲು, ಗಾಳಿಯ ವಿದ್ಯುತ್ತಿಗೆ ಹೋಗಲಿ. ಹೋಗುವಾಗ ದುಡಿಯುವವನ ಅನ್ನ ಕಳೆಯದಿರಲಿ ಎಂದು ಷರತ್ತು ಹಾಕೋಣ. ಇಲಿ ಅರ್ಜಿ ಬರೆಯಲಾರದು, ನಾವು ಬರೆಯಬಲ್ಲೆವು. 2008ರ ಆ ಕಾಗದಕ್ಕೆ ಬಂದ ಗತಿ ನಮ್ಮ ಅರ್ಜಿಗೆ ಬಾರದಂತೆ ಬೆನ್ನುಹತ್ತುವುದೂ ನಮ್ಮ ಕೆಲಸವೇ.