ಖಾಲಿ ಬಿಟ್ಟ ಮೂರು ಸಾಲು: ಬಾಬ್ ಫೆಲ್ಲರ್ ಕಥೆ

ಇವತ್ತು ಕ್ರಿಕೆಟ್ ಬೇಡ, ಬೇಸ್‌ಬಾಲ್. ಗಾಬರಿ ಆಗ್ಬೇಡಿ, ನಿಯಮ ಗೊತ್ತಿಲ್ದಿದ್ರೂ ನಡೆಯುತ್ತೆ. ಪಿಚರ್ ಅಂದ್ರೆ ನಮ್ಮ ಬೌಲರ್ ಇದ್ದ ಹಾಗೆ. ಆದ್ರೆ ಅಲ್ಲಿ ಪಂದ್ಯದ ಗೆಲುವನ್ನೂ ಅವನ ಹೆಸರಿಗೇ ಬರೀತಾರೆ.

ಅಮೆರಿಕದ ಅಯೋವಾದ ರೈತನ ಮಗ ಬಾಬ್ ಫೆಲ್ಲರ್. 1936ರಲ್ಲಿ, 17ನೇ ವಯಸ್ಸಿಗೇ ಕ್ಲೀವ್‌ಲ್ಯಾಂಡ್ ತಂಡಕ್ಕೆ ಬಂದ. ಆಗಿನ್ನೂ ಹೈಸ್ಕೂಲ್ ಮುಗಿದಿರಲಿಲ್ಲ! 1939ರಲ್ಲಿ 24 ಗೆಲುವು, ಮುಂದಿನ ವರ್ಷ 27, ಅದರ ಮುಂದಿನ ವರ್ಷ 25. ಆಮೇಲೆ ಅವನ ದಾಖಲೆ ನೋಡಿದ್ರೆ 1942, 43, 44 ಪೂರ್ತಿ ಖಾಲಿ.

1941ರ ಡಿಸೆಂಬರ್ 7. ಹೊಸ ಕಾಂಟ್ರ್ಯಾಕ್ಟ್ ಮಾತುಕತೆಗೆ ಕಾರಲ್ಲಿ ಶಿಕಾಗೋ ಕಡೆ ಹೊರಟಿದ್ದ. ಪರ್ಲ್ ಹಾರ್ಬರ್ ಮೇಲೆ ದಾಳಿ ಅಂತ ರೇಡಿಯೋದಲ್ಲಿ ಸುದ್ದಿ ಬಂತು. ಅದೇ ವಾರ ನೌಕಾಪಡೆ ಸೇರಿದ. ಅವನು ಹೋಗಲೇಬೇಕು ಅಂತ ಏನೂ ಇರಲಿಲ್ಲ. ಅಪ್ಪನಿಗೆ ಮೆದುಳಿನ ಕ್ಯಾನ್ಸರ್, ಮನೆ ನಡೆಸೋನು ಇವನೇ, ಕಾನೂನಿನಲ್ಲೇ ವಿನಾಯಿತಿ ಇತ್ತು. ಇದನ್ನ ಸುಲಭವಾಗಿ ದೇಶಪ್ರೇಮ ಅಂತ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಯಾಕಂದ್ರೆ 1943ರ ಜನವರಿಯಲ್ಲಿ ಅಪ್ಪ ತೀರಿಕೊಂಡ್ರು. ಮಗನಿಗೆ ಚೆಂಡು ಹಿಡಿಯೋದು ಕಲಿಸಿದ್ದೇ ಆ ಅಪ್ಪ, ಹೊಲದಲ್ಲೇ ಮೈದಾನ ಮಾಡಿಕೊಟ್ಟು.

ನೌಕಾಪಡೆ ಮೊದಲು ಅವನನ್ನ ವ್ಯಾಯಾಮ ಕಲಿಸೋಕೆ ಹಾಕಿತ್ತು. ಆರಾಮದ ಕೆಲಸ. ಅದು ಬೇಡ ಅಂತ ಗನ್ನರಿ ಕಲಿತು ಅಲಬಾಮಾ ಅನ್ನೋ ಯುದ್ಧನೌಕೆ ಹತ್ತಿದ. ವಿಮಾನಗಳನ್ನ ಹೊಡೆಯೋ ಒಂದು ಫಿರಂಗಿ ತಂಡಕ್ಕೆ ನಾಯಕನಾದ. ಮೊದಲು ಅಟ್ಲಾಂಟಿಕ್, ಆಮೇಲೆ ಪೆಸಿಫಿಕ್.

ಬಿಕಾಂ ಓದಿದ ಬುದ್ಧಿ, ಲೆಕ್ಕ ಹಾಕದೆ ಬಿಡಲ್ಲ. ವರ್ಷಕ್ಕೆ 25ರಂತೆ ಮೂರು ವರ್ಷಕ್ಕೆ 75. ಅವನ ಒಟ್ಟು ಗೆಲುವು 266. ಸೇರಿಸಿದ್ರೆ 341! ಬೇಸ್‌ಬಾಲ್‌ನಲ್ಲಿ 300 ಅಂದ್ರೆ ದೊಡ್ಡ ಗಡಿ, ಇವನು 34 ಕಮ್ಮಿಗೆ ನಿಂತುಹೋದ. ಆದ್ರೆ ಈ ಲೆಕ್ಕದಲ್ಲಿ ಒಂದು ಮೋಸ ಇದೆ. ಅಷ್ಟು ವರ್ಷ ಬಿಡದೆ ಎಸೆದಿದ್ರೆ ತೋಳೇ ಹೋಗ್ತಿತ್ತೇನೋ, ಯಾರು ಕಂಡಿದ್ದಾರೆ?

1945ರ ಆಗಸ್ಟ್ 24, ವಾಪಸ್ ಬಂದ ಮೊದಲ ಪಂದ್ಯ. ಕ್ಲೀವ್‌ಲ್ಯಾಂಡ್‌ನಲ್ಲಿ 46 ಸಾವಿರಕ್ಕೂ ಹೆಚ್ಚು ಜನ. ಎದುರಿಗೆ ಡೆಟ್ರಾಯ್ಟ್‌ನ ಹ್ಯಾಲ್ ನ್ಯೂಹೌಸರ್. ಹೃದಯದ ತೊಂದರೆ ಅಂತ ಸೈನ್ಯ ಅವನನ್ನ ಸೇರಿಸಿಕೊಂಡಿರಲಿಲ್ಲ, 1944ರಲ್ಲಿ ಅವನ ಹೆಸರಿಗೆ 29 ಗೆಲುವು. ಒಬ್ಬ ಯುದ್ಧಕ್ಕೆ ಹೋದವನು, ಇನ್ನೊಬ್ಬ ಹೋಗೋಕಾಗದೆ ಉಳಿದವನು. ಫೆಲ್ಲರ್ 12 ಜನರನ್ನ ಸ್ಟ್ರೈಕ್‌ಔಟ್ ಮಾಡಿದ. ಕ್ಲೀವ್‌ಲ್ಯಾಂಡ್ 4, ಡೆಟ್ರಾಯ್ಟ್ 2.